ಬೀಗ ತೆಗೆಯುವವರಿದ್ದಾರೆ, ಅಳಿಸುವವರಿಲ್ಲ

ತಾಲ್ಲೂಕು ಕೇಂದ್ರದ ಯಾವುದೇ ಕಂಪ್ಯೂಟರ್ ರಿಪೇರಿ ಅಂಗಡಿಯ ಫಲಕವನ್ನು ನಿಂತು ಪೂರ್ತಿ ಓದಿದರೆ ಸಾಮಾನ್ಯವಾಗಿ ಮೂರು ಸೇವೆಗಳು ಒಟ್ಟಿಗೆ ಕಾಣುತ್ತವೆ. ಫಾರ್ಮ್ಯಾಟ್ ಮಾಡಿಕೊಡಲಾಗುವುದು, ಪಾಸ್‌ವರ್ಡ್ ತೆಗೆದುಕೊಡಲಾಗುವುದು, ಡಿಲೀಟ್ ಆದ, ಫಾರ್ಮ್ಯಾಟ್ ಆದ ಫೋಟೊ, ಫೈಲುಗಳನ್ನು ಮರಳಿ ತೆಗೆದುಕೊಡಲಾಗುವುದು. ಮೊದಲನೆಯ ಸೇವೆಗೂ ಮೂರನೆಯದಕ್ಕೂ ಇರುವ ಜಗಳವನ್ನು ಯಾರೂ ಗಮನಿಸಿದಂತಿಲ್ಲ. ಫಾರ್ಮ್ಯಾಟ್ ಆದದ್ದು ಮರಳಿ ಸಿಗುವುದಾದರೆ, ಹಳೆಯ ಲ್ಯಾಪ್‌ಟಾಪ್ ಮಾರುವವರಿಗೆ ‘ಎಲ್ಲಾ ಕ್ಲೀನ್ ಆಗಿದೆ’ ಎಂದು ಕೊಟ್ಟ ಮಾತಿಗೆ ಏನು ಬೆಲೆ? ಫಾರ್ಮ್ಯಾಟ್ ಮಾಡಿದರೆ ಮಾಹಿತಿ ಅಳಿಯುವುದಿಲ್ಲ ಎಂಬುದನ್ನು ಈ ಅಂಗಡಿಯವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಮರಳಿ ತೆಗೆದುಕೊಟ್ಟು ಸಂಪಾದಿಸುವವರೂ ಅವರೇ.

ಹಳೆಯ ಕಂಪ್ಯೂಟರ್ ಕೈ ಬದಲಾಗುವಾಗ ಅದಕ್ಕೆ ಎರಡು ಕೆಲಸ ಆಗಬೇಕು. ಹಿಂದಿನವರ ಮಾಹಿತಿ ಅಳಿಯಬೇಕು, ಹಿಂದಿನವರು ಹಾಕಿದ ಬೀಗಗಳು ತೆರೆಯಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ನಂಜನಗೂಡಿನ ಪೇಟೆಯವರೆಗೆ ಈ ಎರಡೂ ಕೆಲಸ ನಡೆಯುತ್ತಿವೆ. ಆದರೆ ನಡೆಯುವ ಬಗೆ ತಲೆಕೆಳಗಾಗಿದೆ. ಅಳಿಸುವುದು ತಾಂತ್ರಿಕವಾಗಿ ಸುಲಭ, ಬೇಕಾದ ತಂತ್ರಾಂಶ ಉಚಿತ. ಅದನ್ನು ಸರಿಯಾಗಿ ಮಾಡುವವರು ಅಪರೂಪ. ಬೀಗ ತೆಗೆಯುವುದು ಕಷ್ಟ, ಕೆಲವೊಮ್ಮೆ ಅಪರಾಧವೂ ಹೌದು. ಅದರಲ್ಲಿ ಪಳಗಿದ ಕೈಗಳು ಬೇಕಾದಷ್ಟಿವೆ. ಕಾರಣ ಕೌಶಲದ ಕೊರತೆಯಲ್ಲ, ಹಣದ ದಾರಿ. ಬೀಗ ಇದ್ದರೆ ಕೊಳ್ಳುವವನಿಗೆ ಯಂತ್ರ ಓಡುವುದಿಲ್ಲ, ಆದ್ದರಿಂದ ಅದನ್ನು ತೆಗೆಸಲು ಯಾರಾದರೂ ದುಡ್ಡು ಕೊಡುತ್ತಾರೆ. ಮಾಹಿತಿ ಉಳಿದರೆ ಕೊಳ್ಳುವವನಿಗೆ ಏನೂ ತೊಂದರೆಯಿಲ್ಲ; ಮಾರಿದವನು ಹಣ ಎಣಿಸಿಕೊಂಡು ಹೋಗಿಯಾಗಿದೆ. ಅಳಿಸಿದ್ದಕ್ಕೆ ಕೂಲಿ ಕೊಡುವವರೇ ಇಲ್ಲ. ಈ ಪದ್ಧತಿಯ ಉಳಿದೆಲ್ಲ ದೋಷಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಚಿಕ್ಕಯ್ಯನಛತ್ರದಂಥ ಹೋಬಳಿಯಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ನಂಜನಗೂಡು–ತಿ. ನರಸೀಪುರ ಸೀಮೆಗೆ ಹಳೆಯ ಕಂಪ್ಯೂಟರುಗಳು ಎರಡು ದಾರಿಯಲ್ಲಿ ಬರುತ್ತವೆ. ಒಂದು ಮೇಲಿನಿಂದ. ಬೆಂಗಳೂರು, ಮೈಸೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಲಾಟಿನ ಲೆಕ್ಕದಲ್ಲಿ ವ್ಯಾಪಾರಿಗಳ ಕೈಸೇರಿ, ‘ರಿಫರ್ಬಿಶ್ಡ್’ ಎಂಬ ಚೀಟಿ ಅಂಟಿಸಿಕೊಂಡು ತಾಲ್ಲೂಕಿಗೆ ಇಳಿಯುತ್ತವೆ. ಇವುಗಳ ತೊಂದರೆ ಮುಖ್ಯವಾಗಿ ಬೀಗದ್ದು. ಇನ್ನೊಂದು ದಾರಿ ಊರೊಳಗಿನದು. ಜೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೊ, ಕ್ಲಿನಿಕ್, ಸಹಕಾರ ಸಂಘ, ಪತ್ರ ಬರಹಗಾರರ ಕಚೇರಿ ಇವರೆಲ್ಲ ಹೊಸದು ಕೊಂಡಾಗ ಹಳೆಯದನ್ನು ಎಕ್ಸ್‌ಚೇಂಜಿಗೆ ಹಾಕುತ್ತಾರೆ. ಇವುಗಳಿಗೆ ಬೀಗವೇ ಇರುವುದಿಲ್ಲ. ತೊಂದರೆ ಪೂರ್ತಿ ಮಾಹಿತಿಯದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ ಹೊಸ ಪ್ರೊಸೆಸರೂ ಬೇಕಾದ್ದರಿಂದ ಚೆನ್ನಾಗಿ ಓಡುವ ಯಂತ್ರಗಳೂ ‘ಹಳೆಯವು’ ಆಗಿಬಿಟ್ಟವು. ಎರಡೂ ದಾರಿಯಲ್ಲಿ ಸರಕು ಹೆಚ್ಚಲು ಇದೊಂದೇ ಸಾಕು.

ಮೊದಲು ಅಳಿಸುವ ಕೆಲಸವನ್ನು ಪರೀಕ್ಷಿಸೋಣ. ಫೈಲನ್ನು ಡಿಲೀಟ್ ಮಾಡಿದಾಗ ಅಥವಾ ಡಿಸ್ಕನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ಕಂಪ್ಯೂಟರು ಮಾಡುವುದು ಇಷ್ಟೆ: ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯನ್ನು ತೆಗೆದು, ಆ ಜಾಗ ಖಾಲಿಯಿದೆ ಎಂದು ಬರೆದುಕೊಳ್ಳುತ್ತದೆ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಹೊಲದಲ್ಲಿ ನಿಂತ ಬೆಳೆ ಮಾಯವಾಗುವುದಿಲ್ಲ. ಫೋಟೊರೆಕ್, ರೆಕುವಾ ಮೊದಲಾದ ಉಚಿತ ತಂತ್ರಾಂಶಗಳು ಪಟ್ಟಿಯ ಹಂಗಿಲ್ಲದೆ ನೇರವಾಗಿ ಹೊಲಕ್ಕೇ ಇಳಿಯುತ್ತವೆ. ಡಿಸ್ಕಿನ ಗುರುತುಗಳನ್ನು ಒಂದೊಂದಾಗಿ ಓದಿ, ಇದು ಫೋಟೊ, ಇದು ಪಿಡಿಎಫ್ ಎಂದು ಹೆಕ್ಕಿ ಕೊಡುತ್ತವೆ. ವಿಂಡೋಸ್ ವಿಸ್ತಾ ಬಂದ ಮೇಲೆ ಪೂರ್ಣ ಫಾರ್ಮ್ಯಾಟ್ ಆಯ್ದರೆ ಡಿಸ್ಕಿನ ಮೇಲೆಲ್ಲ ಸೊನ್ನೆ ಬರೆಯುವ ವ್ಯವಸ್ಥೆ ಇದೆ. ಆದರೆ ಅಲ್ಲಿ ‘ಕ್ವಿಕ್’ ಎಂಬುದು ಮೊದಲೇ ಟಿಕ್ ಆಗಿರುತ್ತದೆ. ಆ ಟಿಕ್ ತೆಗೆಯುವ ತಾಳ್ಮೆ ಯಾರಿಗೂ ಇಲ್ಲ.

ಇದು ನಮ್ಮ ಊರಿನವರಷ್ಟೇ ಮಾಡುವ ತಪ್ಪಲ್ಲ. ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಾಟ್ ಹಳೆಯ ಹಾರ್ಡ್‌ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಕೊಂಡದ್ದು 158, ಓಡಿದ್ದು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು. ಒಂದು ಡಿಸ್ಕು ಎಟಿಎಂ ಯಂತ್ರದಿಂದಲೇ ಬಂದದ್ದಾಗಿತ್ತು. ಇಪ್ಪತ್ತು ವರ್ಷದ ಹಿಂದಿನ ಆ ಪರೀಕ್ಷೆಯನ್ನು ನೆನೆಯಲು ಕಾರಣವಿದೆ. ಅಲ್ಲಿ ಸಿಕ್ಕ ಮಾಹಿತಿ ಹೆಚ್ಚಾಗಿ ಮಾರಿದವರದ್ದೋ ಅವರ ಸಂಸ್ಥೆಯದ್ದೋ ಆಗಿತ್ತು. ನಮ್ಮ ಹೋಬಳಿಯ ಕಂಪ್ಯೂಟರಿನಲ್ಲಿ ಇರುವುದು ಮಾರುವವನ ಮಾಹಿತಿಯಲ್ಲ, ಊರಿನದ್ದು.

ಗ್ರಾಮ ಒನ್ ಕೇಂದ್ರದ್ದೋ ಪಕ್ಕದ ಸೈಬರ್ ಸೆಂಟರಿನದ್ದೋ ಒಂದು ಕಂಪ್ಯೂಟರನ್ನು ಕಲ್ಪಿಸಿಕೊಳ್ಳಿ. ಅದರ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಏನೇನಿರುತ್ತದೆ? ಜಾತಿ–ಆದಾಯ ಪ್ರಮಾಣಪತ್ರ, ಪಹಣಿ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮಕ್ಕಳ ಅಂಕಪಟ್ಟಿ, ಅಂಗವಿಕಲರ ವೈದ್ಯಕೀಯ ಪ್ರಮಾಣಪತ್ರ, ನುಡಿಯಲ್ಲೋ ಬರಹದಲ್ಲೋ ಟೈಪಿಸಿದ ಕ್ರಯಪತ್ರದ ಕರಡು. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಇಂಥ ಕೇಂದ್ರಗಳ ಮುಂದೆ ಹೆಂಗಸರು ಸಾಲುಗಟ್ಟಿದರು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ ಈ ಮೂರೂ ವಿವರ ಒಂದೇ ಮೇಜಿನ ಮೇಲೆ ಸೇರಿದವು. ಅರ್ಜಿ ಸರ್ಕಾರದ ಸರ್ವರಿಗೆ ಹೋಯಿತು. ಸ್ಕ್ಯಾನ್ ಮಾಡಿದ ಪ್ರತಿ, ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಇಳಿಸಿಕೊಂಡ ಫೋಟೊ ಎಲ್ಲಿ ಹೋಗಬೇಕು? ಕಂಪ್ಯೂಟರ್ ಮಾರುವವರೆಗೂ ಅಲ್ಲೇ ಇರುತ್ತವೆ. ಮಾರಿದ ಮೇಲೂ ಅದರೊಳಗೇ ಇರುತ್ತವೆ.

ಇ–ಆಧಾರ್ ಪಿಡಿಎಫಿಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ, ಇದೇ ಆ ಪಾಸ್‌ವರ್ಡ್. ಫೈಲು ಸಿಕ್ಕ ಡಿಸ್ಕಿನಲ್ಲೇ ಅದೇ ವ್ಯಕ್ತಿಯ ಅಂಕಪಟ್ಟಿಯೋ ಪಡಿತರ ಚೀಟಿಯೋ ಇದ್ದರೆ ಹೆಸರೂ ವರ್ಷವೂ ಪಕ್ಕದಲ್ಲೇ ಬರೆದಿಟ್ಟ ಹಾಗೆ. ಬೀಗದ ಕೈ ಬೀಗದ ಬಳಿಯೇ ತೂಗುತ್ತಿದ್ದರೆ ಅದು ಭದ್ರತೆಯಲ್ಲ.

ಈ ಅಪಾಯವನ್ನು ಸರ್ಕಾರದ ಸಂಸ್ಥೆಯೇ ಒಮ್ಮೆ ಬಾಯಿಬಿಟ್ಟು ಹೇಳಿತ್ತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಇಂಟರ್ನೆಟ್ ಕೆಫೆಯ ಕಂಪ್ಯೂಟರಿನಲ್ಲಿ ಇ–ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಎಲ್ಲ ಪ್ರತಿಗಳನ್ನೂ ಅಲ್ಲಿಂದ ಶಾಶ್ವತವಾಗಿ ಅಳಿಸಿ ಎಂಬುದು ಅದರ ಒಂದು ಸಲಹೆ. ಜನ ಅದನ್ನು ತಪ್ಪಾಗಿ ಅರ್ಥಮಾಡಿಕೊಳ್ಳಬಹುದೆಂದು ಎರಡೇ ದಿನದಲ್ಲಿ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಲಾಯಿತು. ಹಿಂದಕ್ಕೆ ಪಡೆದದ್ದು ಎಷ್ಟು ಸರಿ ಎಂಬ ಚರ್ಚೆ ಬೇರೆ. ನನ್ನ ತಕರಾರು ಆ ಸಲಹೆಯ ದಿಕ್ಕಿನ ಮೇಲೆ. ಕೌಂಟರಿನ ಈಚೆ ನಿಂತ ಮುದುಕಿಗೆ ಆಚೆಯ ಕಂಪ್ಯೂಟರಿನ ಮೌಸು ಮುಟ್ಟುವ ಅವಕಾಶವಿಲ್ಲ. ಅವಳಿಗೆ ‘ಶಾಶ್ವತವಾಗಿ ಅಳಿಸು’ ಎಂದು ಹೇಳುವುದು, ಅಳಿಸಬೇಕಾದವನ ಹೊಣೆಯನ್ನು ಅಳಿಸಲಾಗದವಳ ತಲೆಗೆ ಕಟ್ಟುವುದು. ಹೇಳಬೇಕಾಗಿದ್ದದ್ದು ಕೇಂದ್ರ ನಡೆಸುವವರಿಗೆ.

ಅಂಗಡಿಯವರ ವಾದಕ್ಕೂ ಕಿವಿ ಕೊಡಬೇಕು. ಹಳೆಯ ಬಗೆಯ ಹಾರ್ಡ್‌ಡಿಸ್ಕಿನ ಮೇಲೆ ಒಂದು ಸುತ್ತು ಪೂರ್ತಿ ಬರೆಯಲು ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 100 ಮೆಗಾಬೈಟಿನಂತೆ ಬರೆದರೂ ಒಂದು ಟೆರಾಬೈಟಿಗೆ ಹೆಚ್ಚುಕಡಿಮೆ ಮೂರು ಗಂಟೆ. ಮಧ್ಯೆ ಕರೆಂಟು ಹೋದರೆ ಮೊದಲಿಂದ ಶುರು. ಅಷ್ಟು ಹೊತ್ತು ಮೇಜು, ಕೇಬಲ್ಲು, ಗಮನ ಮೂರನ್ನೂ ಕಟ್ಟಿಹಾಕುವ ಕೆಲಸಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಕ್ವಿಕ್ ಫಾರ್ಮ್ಯಾಟು ನಿಮಿಷದಲ್ಲಿ ಮುಗಿಯುತ್ತದೆ. ಈ ವಾದ ಹಾರ್ಡ್‌ಡಿಸ್ಕಿನ ಕಾಲಕ್ಕೆ ನ್ಯಾಯವೇ. ಈಗ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುವುದು ಎಸ್‌ಎಸ್‌ಡಿ. ಅದರೊಳಗೇ ‘ಸೆಕ್ಯೂರ್ ಎರೇಸ್’ ಅಥವಾ ‘ಸ್ಯಾನಿಟೈಸ್’ ಎಂಬ ಆದೇಶ ಅಡಗಿದೆ. ಹಲವು ಕಂಪನಿಗಳ ಲ್ಯಾಪ್‌ಟಾಪಿನಲ್ಲಿ, ಯಂತ್ರ ಶುರುವಾಗುವಾಗ ತೆರೆಯುವ ಬಯೋಸ್ ಮೆನುವಿನಿಂದಲೇ ಅದನ್ನು ನಡೆಸಬಹುದು. ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ. ಹೊತ್ತಿಲ್ಲ ಎಂಬ ನೆಪ ಇಲ್ಲಿಗೆ ಮುಗಿಯಿತು.

ವಿಚಿತ್ರವೆಂದರೆ ಅಳಿಸಲು ನಿಜವಾಗಿ ಮನಸ್ಸು ಮಾಡುವ ಕೆಲವರು ತಪ್ಪು ಹತ್ಯಾರು ಹಿಡಿಯುತ್ತಾರೆ. ‘ಮೂವತ್ತೈದು ಸಲ ಬರೆಯಬೇಕು’ ಎಂಬ ನಂಬಿಕೆ ಇನ್ನೂ ಚಾಲ್ತಿಯಲ್ಲಿದೆ. ಅದರ ಮೂಲ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧ. ಆ ಕಾಲದ ಬೇರೆ ಬೇರೆ ಬಗೆಯ ಡಿಸ್ಕುಗಳಿಗೆಲ್ಲ ಸೇರಿ ಮಾಡಿದ ಪಟ್ಟಿ ಅದು. ಎಲ್ಲ ಡಿಸ್ಕಿಗೂ ಮೂವತ್ತೈದನ್ನೂ ಮಾಡುವುದಕ್ಕೆ ಅರ್ಥವಿಲ್ಲ ಎಂದು ಅವರೇ ಆಮೇಲೆ ಸೇರಿಸಿ ಬರೆದರು. ಇಂದಿನ ಹಾರ್ಡ್‌ಡಿಸ್ಕಿಗೆ ಒಂದು ಸುತ್ತು ಸಾಕು. ಡಿಬಾನ್ ಎಂಬ ಹೆಸರುವಾಸಿ ಉಚಿತ ತಂತ್ರಾಂಶವನ್ನು 2012ರಲ್ಲಿ ಬ್ಲಾಂಕೊ ಕಂಪನಿ ಕೊಂಡಿತು. ಆ ಬಳಿಕ ಅದು ಹೆಚ್ಚು ಬೆಳೆಯಲಿಲ್ಲ, ಎಸ್‌ಎಸ್‌ಡಿಗಂತೂ ಅದು ಮಾಡಿದ್ದೇ ಅಲ್ಲ. ಅದರಿಂದಲೇ ಕವಲೊಡೆದ ಎನ್‌ವೈಪ್ ಮತ್ತು ಅದನ್ನು ಪೆನ್‌ಡ್ರೈವಿನಿಂದ ನಡೆಸುವ ಶ್ರೆಡ್‌ಓಎಸ್ ಹಾರ್ಡ್‌ಡಿಸ್ಕಿನ ಕೆಲಸಕ್ಕೆ ಒದಗುತ್ತವೆ.

ಎಸ್‌ಎಸ್‌ಡಿಯ ಸ್ವಭಾವವೇ ಬೇರೆ. ಒಂದೇ ಕೋಶ ಬೇಗ ಸವೆಯದಿರಲೆಂದು ಅದು ಬರೆಯುವ ಜಾಗವನ್ನು ಬದಲಾಯಿಸುತ್ತಲೇ ಇರುತ್ತದೆ, ಹೊರಗೆ ಕಾಣದ ಮೀಸಲು ಜಾಗವನ್ನೂ ಇಟ್ಟುಕೊಂಡಿರುತ್ತದೆ. ಹೊರಗಿನಿಂದ ಎಷ್ಟು ಸಲ ಬರೆದರೂ ಆ ಮೀಸಲು ಕೋಶ ಮುಟ್ಟಿದೆ ಎಂಬ ಖಾತ್ರಿಯಿಲ್ಲ. ಹಾಗೆಂದು ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಪೂರ್ತಿ ವ್ಯರ್ಥ ಎನ್ನುವುದೂ ಸರಿಯಲ್ಲ. ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ‘ಟ್ರಿಮ್’ ಎಂಬ ಸೂಚನೆ ಕಳಿಸುತ್ತದೆ, ಡ್ರೈವು ತನ್ನ ಬಿಡುವಿನಲ್ಲಿ ಆ ಕೋಶಗಳನ್ನು ಖಾಲಿ ಮಾಡುತ್ತದೆ. ಸಾಮಾನ್ಯ ರಿಕವರಿ ತಂತ್ರಾಂಶಕ್ಕೆ ಆಗ ಹೆಚ್ಚೇನೂ ಸಿಗುವುದಿಲ್ಲ. ಆದರೆ ಅದು ಡ್ರೈವಿನ ಅನುಕೂಲ ನೋಡಿ ಆಗುವ ಕೆಲಸ. ಊರಿನ ಆಧಾರ್ ಪ್ರತಿಗಳನ್ನು ಅದರ ಭರವಸೆಗೆ ಬಿಡಲಾಗದು.

ಡ್ರೈವಿನೊಳಗಿನ ಆದೇಶವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಸಂಶೋಧಕರು 2011ರಲ್ಲಿ ಸಾಕ್ಷ್ಯ ಒದಗಿಸಿದರು. ಅವರು ಪರೀಕ್ಷಿಸಿದ ಒಂದು ಡ್ರೈವು ‘ಅಳಿಸಿಯಾಯಿತು’ ಎಂದು ವರದಿ ಕೊಟ್ಟಿತ್ತು. ಒಳಗೆ ಎಲ್ಲವೂ ಹಾಗೆಯೇ ಇತ್ತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2006ರಲ್ಲಿ ಹೊರತಂದು 2014, 2025ರಲ್ಲಿ ಪರಿಷ್ಕರಿಸಿದ 800-88 ಎಂಬ ಮಾರ್ಗಸೂಚಿ ಪರಿಶೀಲನೆಗೆ ಒತ್ತು ಕೊಡುವುದು ಇದೇ ಕಾರಣಕ್ಕೆ. ಅಳಿಸಿದ ಮೇಲೆ ಓದಿ ನೋಡಬೇಕು, ಯಾವ ಡಿಸ್ಕು, ಯಾವ ವಿಧಾನ, ಯಾರು ಮಾಡಿದರು ಎಂಬುದನ್ನು ಬರೆದಿಡಬೇಕು. ನಮ್ಮ ಅಂಗಡಿಗಳಿಗೆ ಇದು ಹೊರೆಯೇನಲ್ಲ. ರಿಕವರಿಗೆಂದು ಇಟ್ಟುಕೊಂಡ ತಂತ್ರಾಂಶವನ್ನೇ ಅಳಿಸಿದ ಡಿಸ್ಕಿನ ಮೇಲೆ ಒಮ್ಮೆ ಓಡಿಸಿ ನೋಡಿದರೆ ಪರೀಕ್ಷೆಯಾಯಿತು. ಹತ್ಯಾರು ಕೈಯಲ್ಲೇ ಇದೆ, ಈ ಕೆಲಸಕ್ಕೆ ಬಳಸುವ ರೂಢಿಯಿಲ್ಲ.

ಇದಕ್ಕಿಂತ ಹಗುರವಾದ ದಾರಿ ಮಾಹಿತಿಯನ್ನು ಮೊದಲಿನಿಂದಲೂ ಗೂಢಲಿಪಿಯಲ್ಲಿ ಇಡುವುದು. ಬಿಟ್‌ಲಾಕರ್‌ನಂಥ ವ್ಯವಸ್ಥೆ ಚಾಲೂ ಇದ್ದರೆ ಡಿಸ್ಕಿನ ಮೇಲಿರುವುದು ಕೀಲಿಯಿಲ್ಲದೆ ಓದಲಾಗದ ಬರಹ. ಕೀಲಿ ನಾಶವಾದರೆ ಎಲ್ಲವೂ ನಾಶವಾದಂತೆಯೇ. ಆದರೆ ಇದಕ್ಕೂ ಬೆಲೆಯಿದೆ. ಮದರ್‌ಬೋರ್ಡ್ ಬದಲಿಸಿದ ದಿನ ಯಂತ್ರ ರಿಕವರಿ ಕೀ ಕೇಳುತ್ತದೆ, ಅದನ್ನು ಬರೆದಿಟ್ಟುಕೊಳ್ಳದವರ ಮಗಳ ಮದುವೆಯ ಫೋಟೊಗಳೂ ಹೋಗುತ್ತವೆ.

ಡಿಸ್ಕು ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ ಎಂದುಕೊಳ್ಳುವಂತೆಯೂ ಇಲ್ಲ. ಜೆರಾಕ್ಸ್ ಅಂಗಡಿಯ ದೊಡ್ಡ ಯಂತ್ರಗಳಲ್ಲಿ ಹಲವಕ್ಕೆ ಒಳಗೆ ಹಾರ್ಡ್‌ಡಿಸ್ಕ್ ಇದೆ, ಪ್ರತಿ ತೆಗೆದ ಪುಟಗಳು ಅದರಲ್ಲಿ ಉಳಿಯಬಲ್ಲವು. ಬಾಡಿಗೆಯ ನಕಲು ಯಂತ್ರಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿದ ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಸಂಸ್ಥೆ 2013ರಲ್ಲಿ ಹನ್ನೆರಡು ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು. ಇಂಥ ಯಂತ್ರಗಳು ನಮ್ಮಲ್ಲೂ ಸೆಕೆಂಡ್‌ಹ್ಯಾಂಡಿನಲ್ಲಿ ಕೈ ಬದಲಾಗುತ್ತವೆ. ಅವನ್ನು ಅಳಿಸಿಕೊಡುತ್ತೇವೆ ಎಂಬ ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಬೀಗ. ಇಲ್ಲಿ ಅಂಗಡಿಯವರ ಕೈಚಳಕ ಮೆಚ್ಚಬೇಕಾದದ್ದು. ಹಳೆಯ ಡೆಸ್ಕ್‌ಟಾಪಿನಲ್ಲಿ ಗುಂಡಿಯಂಥ ಬ್ಯಾಟರಿ ತೆಗೆದು ಹಾಕಿದರೆ ಬಯೋಸ್ ಪಾಸ್‌ವರ್ಡ್ ಹೋಗುತ್ತಿತ್ತು. ಕಂಪನಿಗಳಿಗೆಂದೇ ಮಾಡಿದ ಲ್ಯಾಪ್‌ಟಾಪುಗಳಲ್ಲಿ ಹಾಗಲ್ಲ. ಪಾಸ್‌ವರ್ಡು ಕರೆಂಟಿಲ್ಲದೆಯೂ ಉಳಿಯುವ ಚಿಪ್ಪಿನಲ್ಲಿ ಕೂತಿರುತ್ತದೆ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಮದರ್‌ಬೋರ್ಡ್ ಬದಲಿಸುವುದೊಂದೇ ದಾರಿ ಎನ್ನುತ್ತದೆ ಲೆನೊವೊ. ಅಂಥ ಚಿಪ್ಪನ್ನು ಬೋರ್ಡಿನಿಂದಲೇ ಓದಿ, ತಿದ್ದಿ, ಮತ್ತೆ ಬರೆಯುವ ಹುಡುಗರು ನಮ್ಮ ಪೇಟೆಗಳಲ್ಲಿದ್ದಾರೆ. ಯಾವ ಕಾಲೇಜೂ ಕಲಿಸದ ವಿದ್ಯೆಯನ್ನು ನೋಡಿ, ಮಾಡಿ ಕಲಿತವರು. ಆದರೆ ಕೈಚಳಕಕ್ಕೆ ಮೆಚ್ಚುಗೆ ಸಲ್ಲಿಸಿ ಸುಮ್ಮನಾದರೆ ವಿಮರ್ಶೆ ಅರ್ಧಕ್ಕೆ ನಿಂತಂತೆ. ಎಲ್ಲ ಬೀಗವೂ ಒಂದೇ ಪ್ರಶ್ನೆ ಕೇಳುವುದಿಲ್ಲ.

ವಿಂಡೋಸಿಗೆ ಒಳಹೋಗುವ ಪಾಸ್‌ವರ್ಡ್ ಬಳಸುವವರ ಖಾಸಗಿ ಬೀಗ. ಯಂತ್ರ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ಅದು ತಾನಾಗಿ ಹೋಗುತ್ತದೆ, ಹೋಗಬೇಕಾದದ್ದೇ. ಇನ್ನೊಂದು ಬಗೆಯದು ಒಡೆತನದ ಬೀಗ. ಕಂಪನಿಗಳು ಮೈಕ್ರೋಸಾಫ್ಟಿನ ಆಟೋಪೈಲಟ್, ಇನ್‌ಟ್ಯೂನ್ ವ್ಯವಸ್ಥೆಯಲ್ಲಿ ಪ್ರತಿ ಲ್ಯಾಪ್‌ಟಾಪಿನ ಗುರುತನ್ನೂ ನೋಂದಾಯಿಸಿರುತ್ತವೆ. ಡಿಸ್ಕ್ ಬದಲಿಸಿ, ವಿಂಡೋಸ್ ಹೊಸದಾಗಿ ಹಾಕಿ, ಇಂಟರ್ನೆಟ್ಟಿಗೆ ಜೋಡಿಸಿದ ಕ್ಷಣ ಹಳೆಯ ಕಂಪನಿಯ ಹೆಸರು ಪರದೆಯ ಮೇಲೆ ಬಂದು ಅದರ ಐಡಿ ಕೇಳುತ್ತದೆ. ಹಿಂದೆ ಕಂಪ್ಯೂಟ್ರೇಸ್ ಎಂದು ಹೆಸರಾಗಿದ್ದ ಅಬ್ಸಲ್ಯೂಟ್ ವ್ಯವಸ್ಥೆಯ ಬೇರು ಕಾರ್ಖಾನೆಯಲ್ಲೇ ಬಯೋಸಿನೊಳಗೆ ಇಳಿದಿರುತ್ತದೆ. ಆ್ಯಪಲ್‌ನ ಆ್ಯಕ್ಟಿವೇಶನ್ ಲಾಕ್ 2013ರಲ್ಲಿ ಐಫೋನಿಗೆ, 2019ರಲ್ಲಿ ಟಿ2 ಚಿಪ್ ಇರುವ ಮ್ಯಾಕ್‌ಗಳಿಗೆ ಬಂತು. ಈ ಬೀಗಗಳು ಕೇಳುವುದು ‘ನಿನಗೆ ಪಾಸ್‌ವರ್ಡ್ ಗೊತ್ತೇ’ ಎಂದಲ್ಲ, ‘ಈ ಯಂತ್ರ ನಿನ್ನದೇ’ ಎಂದು. ಅದಕ್ಕೆ ಉತ್ತರ ಕಾಗದದಲ್ಲಿರಬೇಕು. ಸೋಲ್ಡರಿಂಗ್ ಕಡ್ಡಿಯಲ್ಲಿ ಅದಕ್ಕೆ ಉತ್ತರವಿಲ್ಲ.

ಕಾನೂನೂ ಇದನ್ನೇ ಕೇಳುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಬಿ ಕಲಂ ಪ್ರಕಾರ ಕದ್ದ ಕಂಪ್ಯೂಟರೆಂದು ಗೊತ್ತಿದ್ದೋ, ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಪಡೆದು ಇಟ್ಟುಕೊಂಡರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಬಿಲ್ಲಿಲ್ಲದ, ಕಂಪನಿಯ ಹೆಸರು ತೋರಿಸುವ ಲ್ಯಾಪ್‌ಟಾಪು ಎದುರಿಗಿದ್ದರೆ ‘ನಂಬಲು ಕಾರಣ’ ಎಂಬ ಮಾತಿನಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಮೊಬೈಲಿಗಾದರೆ 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ತೆರೆದ ಸಂಚಾರ್ ಸಾಥಿ ಪೋರ್ಟಲ್ ಇದೆ. ಐಎಂಇಐ ಸಂಖ್ಯೆ ಹಾಕಿ ಕೊಳ್ಳುವ ಮೊದಲೇ ನೋಡಬಹುದು. ಲ್ಯಾಪ್‌ಟಾಪಿನ ಸೀರಿಯಲ್ ಸಂಖ್ಯೆಗೆ ಅಂಥ ಸೌಕರ್ಯವಿಲ್ಲ. ವ್ಯವಸ್ಥೆಯ ಈ ಕೊರತೆಯೇ ಪ್ರಾಮಾಣಿಕ ವ್ಯಾಪಾರಿಯನ್ನೂ ಅನುಮಾನಕ್ಕೆ ಗುರಿಮಾಡುತ್ತದೆ.

ಅನುಮಾನವನ್ನು ಅಂಗಡಿಯವನ ಮೇಲಷ್ಟೇ ಹೊರಿಸುವುದು ಅನ್ಯಾಯ. ಬೀಗ ಉಳಿದ ಯಂತ್ರವೆಲ್ಲ ಕಳವಿನ ಮಾಲಲ್ಲ. ಲಾಟಿನಲ್ಲಿ ಮಾರಿದ ಕಂಪನಿ ತನ್ನ ಪಟ್ಟಿಯಿಂದ ಸೀರಿಯಲ್ ಸಂಖ್ಯೆ ತೆಗೆದುಹಾಕದೆ ಬಿಟ್ಟರೂ ಬೀಗ ಹಾಗೆಯೇ ಉಳಿಯುತ್ತದೆ. ಅದು ಐಟಿ ವಿಭಾಗದ ಒಬ್ಬರು ಕಂಪ್ಯೂಟರಿನ ಮುಂದೆ ಕೂತು ಮಾಡಬೇಕಾದ ಸಣ್ಣ ಕೆಲಸ. ಮಾಡದೆ ಬಿಟ್ಟದ್ದರ ಫಲ ಉಣ್ಣುವವನು ಸಾಲ ಮಾಡಿ ಲ್ಯಾಪ್‌ಟಾಪ್ ಕೊಂಡ ಡಿಪ್ಲೊಮಾ ವಿದ್ಯಾರ್ಥಿ. ಕೊಂಡಾಗ ಚೆನ್ನಾಗಿ ಓಡಿದ್ದು, ಮುಂದೆಂದೋ ರೀಸೆಟ್ ಮಾಡಿದ ದಿನ ಯಾವುದೋ ಕಂಪನಿಯ ಬಾಗಿಲ ಮುಂದೆ ನಿಲ್ಲಿಸುತ್ತದೆ. ಆ್ಯಪಲ್ ಖರೀದಿ ದಾಖಲೆ ನೋಡಿ ಬೀಗ ತೆಗೆದುಕೊಡುವ ವ್ಯವಸ್ಥೆ ಇಟ್ಟಿದೆ. ಆದರೆ ಮೂರು ಕೈ ದಾಟಿ ಬಂದ ಯಂತ್ರಕ್ಕೆ ಮೂಲ ಬಿಲ್ಲು ಎಲ್ಲಿ ತರುವುದು? ಕಳ್ಳನನ್ನು ತಡೆಯಲು ಮಾಡಿದ ಬೀಗ, ಕಾಗದ ಕಳೆದುಕೊಂಡ ಬಡವನನ್ನೂ ಕಳ್ಳನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿದೆ. ಬೀಗದ ವಿನ್ಯಾಸದಲ್ಲೇ ಇರುವ ಈ ದೋಷವನ್ನು ತಯಾರಕರು ಒಪ್ಪಿಕೊಂಡು ಸರಿಪಡಿಸಬೇಕು.

ದೊಡ್ಡ ಕಂಪನಿಗಳ ನಡೆ ಇನ್ನೊಂದು ತುದಿಯದು. ನ್ಯೂಯಾರ್ಕಿನ ಮಾರ್ಗನ್ ಸ್ಟ್ಯಾನ್ಲಿ ತನ್ನ ಹಳೆಯ ಸರ್ವರು, ಡಿಸ್ಕುಗಳನ್ನು ವಿಲೇವಾರಿ ಮಾಡಲು ಇಂಥ ಕೆಲಸದ ಅನುಭವವೇ ಇಲ್ಲದ, ಸಾಮಾನು ಸಾಗಿಸುವ ಸಂಸ್ಥೆಯೊಂದಕ್ಕೆ ಕೊಟ್ಟಿತು. ಅವುಗಳಲ್ಲಿ ಕೆಲವು ಗ್ರಾಹಕರ ಮಾಹಿತಿ ಸಮೇತ ಆನ್‌ಲೈನ್ ಹರಾಜಿಗೆ ಬಂದವು. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷೇರು ನಿಯಂತ್ರಕರು 3.5 ಕೋಟಿ ಡಾಲರ್ ದಂಡ ಹಾಕಿದರು. ಕೆಲವು ಯಂತ್ರಗಳಲ್ಲಿ ಗೂಢಲಿಪಿಯ ಸೌಲಭ್ಯ ಇತ್ತು, ಚಾಲೂ ಮಾಡಿರಲಿಲ್ಲ ಎಂಬುದೂ ಬಯಲಾಯಿತು. ಇಂಥ ದಂಡದ ಭಯದಿಂದ ಡಿಸ್ಕುಗಳನ್ನು ನುಚ್ಚುನೂರು ಮಾಡಿಸುವ ಪರಿಪಾಠ ಬೆಳೆದಿದೆ. ಅಳಿಸಿದರೆ ಸಾಕಾಗುವ ಕಡೆ ಪುಡಿ ಮಾಡುವುದು ಭದ್ರತೆಯಲ್ಲ. ಅಳಿಸಿದ್ದನ್ನು ಪರಿಶೀಲಿಸುವ ಹೊಣೆಯಿಂದ ನುಣುಚಿಕೊಳ್ಳುವುದು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲೇ ಎಟಿ ಅಂಡ್ ಎಸ್ ಕಾರ್ಖಾನೆ ಸರ್ಕ್ಯೂಟ್ ಬೋರ್ಡ್ ತಯಾರಿಸುತ್ತದೆ. ಒಂದು ಬೋರ್ಡ್ ಹುಟ್ಟಲು ತಾಮ್ರ, ನೀರು, ರಾಸಾಯನಿಕ ಬೇಕೆಂಬುದು ಈ ಸೀಮೆಯ ಕಾರ್ಮಿಕರಿಗೆ ಗೊತ್ತು. ಹುಟ್ಟಿದ ಬೋರ್ಡು ಪೂರ್ತಿ ದುಡಿಯುವ ಮೊದಲೇ ಪುಡಿಯಾಗಬಾರದು. ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ–ಪರಿಸರದಂಥ ಮರುಬಳಕೆ ಘಟಕ ಬೇಕೇ ಬೇಕು, ಆದರೆ ಅದು ಕೊನೆಯ ನಿಲ್ದಾಣವಾಗಬೇಕು. 2023ರ ಏಪ್ರಿಲಿನಿಂದ ಜಾರಿಗೆ ಬಂದ ಇ–ತ್ಯಾಜ್ಯ ನಿಯಮಗಳು ಯಂತ್ರವನ್ನು ಸರಿಪಡಿಸಿ ಮರುಬಳಕೆಗೆ ಕೊಡುವವರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿರುವುದು ಆ ಮಟ್ಟಿಗೆ ಒಳ್ಳೆಯ ಹೆಜ್ಜೆ. ಇನ್ಫೊಸಿಸ್ 1999ರಲ್ಲಿ ಮೈಕ್ರೋಸಾಫ್ಟ್ ಜೊತೆ ಸೇರಿ ಬಳಸಿದ ಕಂಪ್ಯೂಟರುಗಳನ್ನು ಶಾಲೆಗಳಿಗೆ ಕೊಡುವ ಯೋಜನೆ ಆರಂಭಿಸಿತ್ತು. ಅಳಿಸಿ ಕೊಡಬಹುದು ಎಂಬ ನಂಬಿಕೆ ಇದ್ದಾಗಲೇ ಅಂಥ ಯೋಜನೆ ಸಾಧ್ಯ. ಡಿಸ್ಕು ಕಿತ್ತು ಕೊಟ್ಟ ಕಂಪ್ಯೂಟರು ಸರ್ಕಾರಿ ಶಾಲೆಯ ಮೂಲೆಯಲ್ಲಿ ಖಾಲಿ ಡಬ್ಬಿಯಾಗಿ ಕೂರುತ್ತದೆ.

ಕಾನೂನು ಈ ಚಿತ್ರವನ್ನು ಬದಲಿಸೀತೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎನ್ನುತ್ತದೆ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ಬಳಿಕ ಜಾರಿಗೆ ಬರಲಿವೆ. ಮನೆಯ ಬಳಕೆಯ ಮಾಹಿತಿ ಕಾಯ್ದೆಯ ಹೊರಗಿದೆ, ಸರಿಯೇ. ಆದರೆ ಸೈಬರ್ ಸೆಂಟರು, ಸ್ಟುಡಿಯೊ, ಕ್ಲಿನಿಕ್ಕು ಹೊರಗಿಲ್ಲ. ಕೋಟಿಗಳ ದಂಡದ ಸದ್ದು ಹೋಬಳಿಯ ಮೇಜಿಗೆ ಕೇಳಿಸುವುದು ಕಷ್ಟ. ಅಲ್ಲಿಗೆ ಬೇಕಾದದ್ದು ಸಣ್ಣ ನಿಯಮ: ಸರ್ಕಾರಿ ಸೇವೆಯ ಪರವಾನಗಿ ಪಡೆದ ಕೇಂದ್ರ ತನ್ನ ಕಂಪ್ಯೂಟರ್ ಮಾರುವ ಮೊದಲು ಡಿಸ್ಕಿನ ಸೀರಿಯಲ್ ಸಂಖ್ಯೆ ನಮೂದಿಸಿದ ಅಳಿಸುವಿಕೆಯ ರಸೀದಿ ಒಪ್ಪಿಸಬೇಕು. ಆ ರಸೀದಿಗೆ ಒಂದು ದರ ನಿಗದಿಯಾದ ದಿನ ಅಂಗಡಿಯವರು ಅಳಿಸುವುದನ್ನೂ ಕೆಲಸವೆಂದು ಎಣಿಸುತ್ತಾರೆ. ಚಿಪ್ಪು ತಿದ್ದುವ ಕೈಗೆ ಇದೇನು ದೊಡ್ಡದಲ್ಲ.

ಅಲ್ಲಿಯವರೆಗೆ ಮಾರುವವರು ಯಂತ್ರ ಕೈಬಿಡುವ ಮೊದಲೇ ತಾವೇ ಅಳಿಸಬೇಕು. ವಿಂಡೋಸಿನ ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವರಿಥಿಂಗ್’ ಆಯ್ದು, ಅದರ ಸೆಟ್ಟಿಂಗ್ಸ್ ಒಳಗೆ ‘ಕ್ಲೀನ್ ಡೇಟಾ’ವನ್ನು ಚಾಲೂ ಮಾಡಿದರೆ ಮನೆಯ ಕಂಪ್ಯೂಟರಿಗೆ ಸಾಕಷ್ಟಾಯಿತು. ಊರಿನ ಕಾಗದ ತುಂಬಿದ ಯಂತ್ರಕ್ಕೆ ಅಷ್ಟು ಸಾಲದು. ಡ್ರೈವಿನ ಅಳಿಸುವ ಆದೇಶವೂ ಪರಿಶೀಲನೆಯೂ ಬೇಕು. ಕೊಳ್ಳುವವರು ದುಡ್ಡು ಕೊಡುವ ಮೊದಲು ಬಯೋಸ್ ತೆರೆಸಿ ನೋಡಬೇಕು, ಹೊಸದಾಗಿ ವಿಂಡೋಸ್ ಹಾಕಿಸಿ ಇಂಟರ್ನೆಟ್ಟಿಗೆ ಜೋಡಿಸಿ ನೋಡಬೇಕು, ತಳದ ಸೀರಿಯಲ್ ಸಂಖ್ಯೆಯೂ ಬಯೋಸಿನದೂ ಬಿಲ್ಲಿನದೂ ಒಂದೇ ಇದೆಯೇ ಎಂದು ತಾಳೆ ಹಾಕಬೇಕು.

ಆದರೆ ಮಾರುವವರೂ ಕೊಳ್ಳುವವರೂ ಜಾಗೃತರಾದರೆ ಎಲ್ಲ ಸರಿಹೋಯಿತು ಎಂದು ಮುಗಿಸಲಾಗದು. ಈ ವ್ಯಾಪಾರದಲ್ಲಿ ನಷ್ಟಕ್ಕೆ ಒಳಗಾಗುವವರು ಮಾರಾಟದ ಮೇಜಿನ ಬಳಿ ಇರುವುದೇ ಇಲ್ಲ. ಅವರು ಎಂದೋ ಒಂದು ದಿನ ಅರ್ಜಿ ಹಾಕಿಸಲು ಆಧಾರ್ ಕೊಟ್ಟು ಹೋದವರು. ಪದ್ಧತಿಯನ್ನು ಬದಲಿಸುವ ಶಕ್ತಿ ಇರುವುದೂ ಅವರಲ್ಲೇ. ಅವರು ಗಿರಾಕಿಗಳು, ಮತ್ತೆ ಮತ್ತೆ ಬರುವವರು. ಜೆರಾಕ್ಸಿನ ದುಡ್ಡು ಕೊಡುವಾಗ ‘ಈ ಮಷೀನ್ ಮಾರೋವಾಗ ನಮ್ಮ ಕಾಗದ ಏನ್ಮಾಡ್ತೀರಣ್ಣ?’ ಎಂದು ಒಂದು ಊರಿನ ಹತ್ತು ಜನ ಕೇಳಲು ಶುರುಮಾಡಿದರೆ, ಇಷ್ಟು ದಿನ ಬೆಲೆಯಿಲ್ಲದ ಕೆಲಸಕ್ಕೆ ಬೆಲೆ ಬರುತ್ತದೆ. ಫಲಕದ ಮೊದಲ ಸಾಲು ನಿಜವಾಗಬೇಕಾದ ಅನಿವಾರ್ಯವೂ ಬರುತ್ತದೆ.